ಎರಡು ಹೊಟ್ಟೆಯ ಪಿಟೀಲು

ಭಾನುವಾರ ಬೆಳಿಗ್ಗೆ, ದೋಸೆ ಇನ್ನೂ ಕಾವಲಿಯ ಮೇಲಿರುವಾಗಲೇ ಅಕ್ಕನ ಮಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಬಂತು. ನೆಟ್ಟಗೆ ನಿಂತ ನೀಲಿ ಆಕಾರ. ಮೇಲೊಂದು ಹೊಟ್ಟೆ, ಕೆಳಗೊಂದು ಹೊಟ್ಟೆ, ನಡು ಸಣ್ಣ. ಅದರಡಿ ಅವಳ ಪ್ರಶ್ನೆ: 'ಮಾಮ, ಇದನ್ನ ವಯೊಲಿನ್ ಪ್ಲಾಟ್ ಅಂತಾರಂತೆ. ನಂಗೆ ಸೋರೆಬುರುಡೆ ಥರ ಕಾಣ್ತಿದೆ. ಇದರಲ್ಲಿ ಏನು ಓದ್ಬೇಕು?'

ಅವಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಸಂಖ್ಯಾಶಾಸ್ತ್ರದ ಪ್ರಾಜೆಕ್ಟಿಗೆ ಪೈಥಾನ್ ಹಿಡಿದಿದ್ದಾಳೆ. ಸೋರೆಬುರುಡೆ ಎಂದದ್ದು ತಪ್ಪೇನೂ ಅಲ್ಲ. ವಯೊಲಿನ್ ಪ್ಲಾಟ್ ಅನ್ನಿಸಿಕೊಂಡ ಚಿತ್ರಗಳಲ್ಲಿ ನಿಜವಾಗಿ ಪಿಟೀಲಿನಂತೆ ಕಾಣುವವು ಕಡಿಮೆ. ಒಂದೇ ಹೊಟ್ಟೆಯಿದ್ದರೆ ಬುಗುರಿ, ಬಾಲ ಉದ್ದವಾದರೆ ಮೂಲಂಗಿ, ನಡು ಉಬ್ಬಿ ಎರಡೂ ತುದಿ ಚೂಪಾದರೆ ನೂಲುವ ಕದಿರು. ಎರಡು ಹೊಟ್ಟೆ ಬಂದಾಗ ಮಾತ್ರ ಹೆಸರಿಗೆ ನ್ಯಾಯ ಸಲ್ಲುತ್ತದೆ. ಬೆಂಗಳೂರಿನವರಿಗೆ ಆ ಆಕಾರವನ್ನು ಹೆಚ್ಚು ವಿವರಿಸಬೇಕಿಲ್ಲ. ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಗೆ ಏರಿಸಿದ ಟಿ. ಚೌಡಯ್ಯನವರ ಹೆಸರಿನ ಭವನವನ್ನು ವೈಯಾಲಿಕಾವಲಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿ ನಿಲ್ಲಿಸಿದ್ದಾರೆ.

ಅವಳಿಗೆ ಸಿಕ್ಕಿದ್ದ ಅಂಕಿಗಳು ಇನ್ನೂ ಸ್ವಾರಸ್ಯದವು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಚಿಲುಮೆಯಿದೆ. ನೆಲದೊಳಗೆ ಕುದಿದ ನೀರು ಹೊತ್ತುಹೊತ್ತಿಗೆ ನೂರು ಅಡಿಗೂ ಮೇಲಕ್ಕೆ ಚಿಮ್ಮಿ, ಕೆಲವು ನಿಮಿಷ ನಿಂತು, ಮತ್ತೆ ಸುಮ್ಮನಾಗುತ್ತದೆ. 1870ರಲ್ಲಿ ಅಲ್ಲಿಗೆ ಹೋದ ವಾಶ್‌ಬರ್ನ್ ತಂಡದವರು ಅದು ಹೊತ್ತು ತಪ್ಪದೆ ಚಿಮ್ಮುವುದನ್ನು ಕಂಡು ಹಳೇ ನಂಬಿಗಸ್ತ ಎಂಬರ್ಥದ ಈ ಹೆಸರಿಟ್ಟರು. ಇಂಥ ಚಿಲುಮೆಗೆ ಇಂಗ್ಲಿಷಿನಲ್ಲಿ ಗೀಸರ್ ಎನ್ನುತ್ತಾರೆ. ಐಸ್‌ಲೆಂಡಿನ ಗೇಸಿರ್ ಎಂಬ ಚಿಲುಮೆಯಿಂದ ಬಂದ ಆ ಪದ ಕೊನೆಗೆ ನಮ್ಮ ಬಚ್ಚಲುಮನೆಯ ಗೋಡೆ ಏರಿ ಕೂತಿದೆ.

ಓಲ್ಡ್ ಫೇತ್‌ಫುಲ್ 272 ಸಲ ಚಿಮ್ಮಿದ್ದನ್ನು ಗಡಿಯಾರ ಹಿಡಿದು ಬರೆದಿಟ್ಟ ಪಟ್ಟಿಯೊಂದು ಸಂಖ್ಯಾಶಾಸ್ತ್ರ ಕಲಿಯುವವರ ನಡುವೆ ಬಹಳ ಹೆಸರುವಾಸಿ. ಪ್ರತಿ ಸಲಕ್ಕೂ ಎರಡು ಅಂಕಿ: ಎಷ್ಟು ನಿಮಿಷ ಚಿಮ್ಮಿತು, ಮುಂದಿನ ಸಲಕ್ಕೆ ಎಷ್ಟು ನಿಮಿಷ ಕಾಯಿಸಿತು. ಅತಿ ಚಿಕ್ಕ ಚಿಮ್ಮು 1.6 ನಿಮಿಷ, ಅತಿ ದೊಡ್ಡದು 5.1. ಎಲ್ಲ ಕೂಡಿ ಭಾಗಿಸಿದರೆ ಸರಾಸರಿ 3.49. ಹೆಚ್ಚುಕಮ್ಮಿ ಮೂರೂವರೆ ನಿಮಿಷ ಎನ್ನಿ.

ಸರಾಸರಿ ಸಿಕ್ಕಿತೆಂದು ಪುಸ್ತಕ ಮುಚ್ಚಿದರೆ ಕೆಟ್ಟಿರಿ. ಪಟ್ಟಿಯನ್ನು ಬಿಡಿಸಿ ಎಣಿಸಿದರೆ ಎರಡೂವರೆ ನಿಮಿಷಕ್ಕಿಂತ ಕಡಿಮೆ ಚಿಮ್ಮಿದ್ದು 92 ಸಲ. ಮೂರೂವರೆ ಅಥವಾ ಅದಕ್ಕೂ ಹೆಚ್ಚು ಚಿಮ್ಮಿದ್ದು 168 ಸಲ. ನಡುವಿನ ಒಂದಿಡೀ ನಿಮಿಷದ ಅಗಲದಲ್ಲಿ ಬಿದ್ದವು ಬರೀ 12. ನಮ್ಮ ಸರಾಸರಿ ಹೋಗಿ ಕೂತಿರುವುದು ಆ ಬಯಲಿನಲ್ಲೇ. ಚಿಲುಮೆಗೆ ಗೊತ್ತಿರುವುದು ಎರಡು ರೀತಿ. ಒಂದು, ಎರಡು ನಿಮಿಷದ ಸುತ್ತಮುತ್ತ ಮುಗಿಸಿಬಿಡುವುದು. ಇನ್ನೊಂದು, ನಾಲ್ಕೂಕಾಲು ನಿಮಿಷದ ಆಸುಪಾಸು ಎಳೆಯುವುದು. ಮೂರೂವರೆ ನಿಮಿಷ ಎಂದು ಎದುರುನೋಡುತ್ತ ನಿಂತವನಿಗೆ ಹೆಚ್ಚಿನ ಸಲ ನಿರಾಸೆಯೋ ಬೋನಸ್ಸೋ ಸಿಗುತ್ತದೆಯೇ ಹೊರತು ಮೂರೂವರೆ ನಿಮಿಷ ಸಿಗುವುದಿಲ್ಲ.

'ಹಾಗಾದ್ರೆ ಬಾಕ್ಸ್ ಪ್ಲಾಟ್ ಹಾಕಿದ್ರೆ ಸಾಕಿತ್ತಲ್ವಾ ಮಾಮ? ನಮ್ಮ ಮೇಷ್ಟ್ರು ಎಲ್ಲದಕ್ಕೂ ಅದನ್ನೇ ಹಾಕಿ ಅಂತಾರೆ.'

ಬಾಕ್ಸ್ ಪ್ಲಾಟ್ ಒಳ್ಳೆಯ ಚಿತ್ರ, ಅದರ ಮೇಲೆ ನನಗೆ ಸಿಟ್ಟಿಲ್ಲ. ಜಾನ್ ಟ್ಯೂಕಿ 1977ರ ತಮ್ಮ ಪುಸ್ತಕದ ಮೂಲಕ ಅದನ್ನು ಮನೆಮಾತು ಮಾಡಿದರು. ಆಗ ಪೆನ್ಸಿಲ್ಲು, ಗ್ರಾಫ್ ಹಾಳೆಯ ಕಾಲ. ಐದೇ ಅಂಕಿಯಲ್ಲಿ ಕೆಲಸ ಮುಗಿಯಬೇಕು: ಕನಿಷ್ಠ, ಗರಿಷ್ಠ, ಮಧ್ಯಾಂಕ, ಮತ್ತು ಪಟ್ಟಿಯನ್ನು ಕಾಲುಭಾಗ, ಮುಕ್ಕಾಲುಭಾಗಕ್ಕೆ ಕತ್ತರಿಸುವ ಎರಡು ಗಡಿ. ನಡುವಿನ ಅರ್ಧಪಾಲಿಗೆ ಒಂದು ಡಬ್ಬಿ, ಆಚೀಚೆ ಎರಡು ಮೀಸೆ. ಗುಂಪು ಒಂದೇ ಆಗಿದ್ದಾಗ ಅದಕ್ಕಿಂತ ಚೊಕ್ಕ ಚಿತ್ರ ಇನ್ನೊಂದಿಲ್ಲ.

ಆದರೆ ಓಲ್ಡ್ ಫೇತ್‌ಫುಲ್‌ಗೆ ಅದನ್ನು ಹಾಕಿ ನೋಡಿ. ಡಬ್ಬಿ 2.16ಕ್ಕೆ ಶುರುವಾಗಿ 4.45ಕ್ಕೆ ಮುಗಿಯುತ್ತದೆ. ಮಧ್ಯಾಂಕದ ಗೆರೆ 4ರ ಮೇಲೆ. ಡಬ್ಬಿಯ ನಡುವನ್ನು ಕಂಡ ಕಣ್ಣು 'ಜನ ಇಲ್ಲಿ ಕಿಕ್ಕಿರಿದಿದ್ದಾರೆ' ಎಂದು ಓದಿಕೊಳ್ಳುತ್ತದೆ. ಹನ್ನೆರಡೇ ಚಿಮ್ಮು ಬಿದ್ದ ಖಾಲಿ ಬಯಲನ್ನು ಡಬ್ಬಿ ಪೂರ್ತಿ ಬಣ್ಣ ಬಳಿದು ಮುಚ್ಚಿಬಿಟ್ಟಿರುತ್ತದೆ. ಇಷ್ಟಾಗಿಯೂ ಅದು ಹೇಳಿದ ಐದು ಅಂಕಿಯಲ್ಲಿ ಒಂದೂ ಸುಳ್ಳಲ್ಲ ಎನ್ನುವುದೇ ತಮಾಷೆ.

ಈ ಕೊರತೆ ಕಂಡ ಇಬ್ಬರು ಅಮೆರಿಕನ್ನರು, ಜೆರ್ರಿ ಹಿಂಟ್ಜ್ ಮತ್ತು ರೇ ನೆಲ್ಸನ್, 1998ರಲ್ಲಿ 'ದಿ ಅಮೆರಿಕನ್ ಸ್ಟ್ಯಾಟಿಸ್ಟಿಷಿಯನ್' ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದರು. ಟ್ಯೂಕಿಯವರ ಡಬ್ಬಿಯನ್ನು ಬಿಸಾಡಬೇಕಿಲ್ಲ, ಅದರ ಎರಡೂ ಪಕ್ಕಕ್ಕೆ ಅಂಕಿಗಳ ದಟ್ಟಣೆಯನ್ನು ಏರಿಳಿತದ ಗೆರೆಯಾಗಿ ಹೊದಿಸಿ ಎನ್ನುವುದು ಅವರ ಸಲಹೆ. ಅಂಕಿ ಹೆಚ್ಚಿದ್ದಲ್ಲಿ ಆಕಾರ ಉಬ್ಬುತ್ತದೆ, ಇಲ್ಲದಲ್ಲಿ ಸೊರಗುತ್ತದೆ. ಅವರೇ ಇಟ್ಟ ಹೆಸರು ವಯೊಲಿನ್ ಪ್ಲಾಟ್. ನಾನು ಇಲ್ಲಿ ಪಿಟೀಲು ಎನ್ನುತ್ತೇನೆ, ಬಾಯಿಗೆ ಹಿತ.

ಕೈಯಲ್ಲಿ ಬರೆಯಲು ಇದು ಬಲು ಪೀಡೆಯ ಚಿತ್ರ, ಕಂಪ್ಯೂಟರಿಗೆ ಮಾತ್ರ ಮೂರು ಸಾಲಿನ ಕೆಲಸ. ಪೈಥಾನ್‌ನಲ್ಲಿ ಸೀಬಾರ್ನ್ ಎಂಬ ಲೈಬ್ರರಿಯಿದೆ. ಅಕ್ಷರಗಳು ಇಂಗ್ಲಿಷಿನವೇ, ನಾನು ಇಲ್ಲಿ ಬಾಯಲ್ಲಿ ಹೇಳಿದಂತೆ ಬರೆಯುತ್ತೇನೆ. ಮೊದಲ ಸಾಲು: ಇಂಪೋರ್ಟ್ ಸೀಬಾರ್ನ್ ಆ್ಯಸ್ ಎಸ್‌ಎನ್‌ಎಸ್. ಎರಡನೆಯ ಸಾಲಿನಲ್ಲಿ ಅಂಕಿಪಟ್ಟಿಯನ್ನು ತರಿಸಿಕೊಳ್ಳಬೇಕು: ಜಿ ಈಕ್ವಲ್ ಟು ಎಸ್‌ಎನ್‌ಎಸ್ ಡಾಟ್ ಲೋಡ್ ಅಂಡರ್‌ಸ್ಕೋರ್ ಡೇಟಾಸೆಟ್, ಆವರಣದೊಳಗೆ ಉದ್ಧರಣ ಚಿಹ್ನೆ ಹಾಕಿ ಗೀಸರ್ ಎಂಬ ಪದ. ಓಲ್ಡ್ ಫೇತ್‌ಫುಲ್‌ನ ಪಟ್ಟಿಯನ್ನು ಸೀಬಾರ್ನ್‌ನವರು ಆ ಹೆಸರಲ್ಲೇ ಇಟ್ಟಿದ್ದಾರೆ. ಮೊದಲ ಸಲ ತರಿಸುವಾಗ ಇಂಟರ್‌ನೆಟ್ ಬೇಕು. ಮೂರನೆಯ ಸಾಲು: ಎಸ್‌ಎನ್‌ಎಸ್ ಡಾಟ್ ವಯೊಲಿನ್‌ಪ್ಲಾಟ್, ಆವರಣದೊಳಗೆ ಡೇಟಾ ಈಕ್ವಲ್ ಟು ಜಿ, ಅಲ್ಪವಿರಾಮ, ವೈ ಈಕ್ವಲ್ ಟು ಡ್ಯುರೇಶನ್. ಡ್ಯುರೇಶನ್‌ಗೂ ಉದ್ಧರಣ ಚಿಹ್ನೆ ಬೇಕು, ಮರೆತರೆ ಕೆಂಪಕ್ಷರದಲ್ಲಿ ಬೈಸಿಕೊಳ್ಳುತ್ತೀರಿ. ಪಿಟೀಲು ಎದ್ದು ನಿಂತಿತು. ಅದು ಮಲಗಿರಬೇಕೆಂದರೆ ವೈ ಬದಲು ಎಕ್ಸ್ ಎನ್ನಿ.

ಎಸ್‌ಎನ್‌ಎಸ್ ಎಂಬ ಅಡ್ಡಹೆಸರು ಎಲ್ಲಿಂದ ಬಂತೆಂದು ಹೊಸಬರು ತಲೆ ಕೆರೆದುಕೊಳ್ಳುತ್ತಾರೆ. 'ದಿ ವೆಸ್ಟ್ ವಿಂಗ್' ಎಂಬ ಅಮೆರಿಕದ ಟಿ.ವಿ. ಧಾರಾವಾಹಿಯ ಪಾತ್ರ ಸ್ಯಾಮ್ಯುಯೆಲ್ ನಾರ್ಮನ್ ಸೀಬಾರ್ನ್. ಲೈಬ್ರರಿ ಕಟ್ಟಿದ ಮೈಕೆಲ್ ವಾಸ್ಕಮ್ ಆ ಪಾತ್ರದ ಹೆಸರನ್ನೇ ಇದಕ್ಕಿಟ್ಟರು, ಎಸ್‌ಎನ್‌ಎಸ್ ಅವನ ಇನಿಶಿಯಲ್ಲು. ಇದರ ಅಡಿಯಲ್ಲಿ ಕೂತು ನಿಜವಾಗಿ ಗೆರೆ ಎಳೆಯುವುದು ಮ್ಯಾಟ್‌ಪ್ಲಾಟ್‌ಲಿಬ್. ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ಪರದೆಯ ಮೇಲೆ ನೋಡಲೆಂದು ಜಾನ್ ಹಂಟರ್ ಎಂಬ ನರವಿಜ್ಞಾನಿ ಕಟ್ಟಿದ ಸಲಕರಣೆ ಅದು. 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. 2012ರಲ್ಲಿ, 44ನೇ ವಯಸ್ಸಿಗೇ ತೀರಿಹೋದರು. ದಿನಕ್ಕೆ ಹತ್ತು ಸಲ ಅವರ ಋಣ ತಿನ್ನುವ ನಮ್ಮಂಥವರಲ್ಲಿ ಎಷ್ಟೋ ಜನಕ್ಕೆ ಅವರ ಹೆಸರೇ ಗೊತ್ತಿಲ್ಲ.

ಇನ್ನು ಪಿಟೀಲಿನ ಹೊಟ್ಟೆಯೊಳಗೆ ಏನಿದೆ ನೋಡೋಣ. ಅಕ್ಕನ ಮಗಳಿಗೆ ಹೇಳಿದ ಹಾಗೇ ಹೇಳುತ್ತೇನೆ. ನೆಲದ ಮೇಲೆ ಒಂದು ಉದ್ದ ಗೆರೆ ಎಳೆದು 1, 2, 3, 4, 5 ನಿಮಿಷ ಎಂದು ಗುರುತು ಹಾಕು. ಪಟ್ಟಿಯ ಮೊದಲ ಚಿಮ್ಮು 3.6 ನಿಮಿಷ. ಆ ಜಾಗದ ನೇರಕ್ಕೆ ಕೈ ಹಿಡಿದು ಒಂದು ಚಿಟಿಕೆ ರಂಗೋಲಿ ಪುಡಿ ಉದುರಿಸು. ಎರಡನೆಯದು 1.8, ಅಲ್ಲೊಂದು ಚಿಟಿಕೆ. ಹೀಗೆ 272 ಚಿಟಿಕೆ, ಎಲ್ಲ ಒಂದೇ ಅಳತೆಯವು. ಉದುರಿದ ಪುಡಿ ಚುಕ್ಕೆಯಾಗಿ ನಿಲ್ಲುವುದಿಲ್ಲ, ಆಚೀಚೆ ಹರಡುತ್ತದೆ. ಒಂದರ ಮೇಲೊಂದು ಬಿದ್ದು ಕೆಲವೆಡೆ ದಿಬ್ಬ, ಕೆಲವೆಡೆ ತೆಳು ಪದರ. ಆ ದಿಬ್ಬದ ಅಂಚನ್ನು ಪಕ್ಕದಿಂದ ನೋಡಿ ಗೆರೆ ಬರೆದುಕೊಂಡರೆ ಅದೇ ದಟ್ಟಣೆಯ ರೇಖೆ. ಮುರ್ರೆ ರೋಸೆನ್‌ಬ್ಲಾಟ್ 1956ರಲ್ಲಿ, ಇಮ್ಯಾನುಯೆಲ್ ಪಾರ್ಜೆನ್ 1962ರಲ್ಲಿ ಈ ವಿದ್ಯೆಗೆ ಗಣಿತದ ತಳಪಾಯ ಹಾಕಿದರು. ಪುಸ್ತಕದಲ್ಲಿ ಕರ್ನಲ್ ಡೆನ್ಸಿಟಿ ಎಸ್ಟಿಮೇಶನ್ ಎಂದಿರುತ್ತದೆ, ಹೆದರಬೇಡಿ, ರಂಗೋಲಿ ಪುಡಿಯೇ.

ಈಗ ಮುಖ್ಯ ಪ್ರಶ್ನೆ: ಕೈ ಎಷ್ಟು ಎತ್ತರದಲ್ಲಿತ್ತು? ನೆಲಕ್ಕೆ ತಾಗಿಸಿ ಉದುರಿಸಿದರೆ ಪುಡಿ ಬಿದ್ದಲ್ಲೇ ಗುಪ್ಪೆಯಾಗುತ್ತದೆ. ಎದೆಮಟ್ಟದಿಂದ ಬಿಟ್ಟರೆ ಗಾಳಿಗೆ ಹರಡಿ ಎಲ್ಲವೂ ಮಸುಕು. ಈ ಎತ್ತರಕ್ಕೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ನೀವು ಏನೂ ಹೇಳದಿದ್ದರೆ ಸೀಬಾರ್ನ್ ಅದನ್ನು ಸ್ಕಾಟ್ ಸೂತ್ರದಿಂದ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಅಂಕಿಗಳ ಮಾನಕ ವಿಚಲನೆಯನ್ನು ಅಂಕಿಗಳ ಸಂಖ್ಯೆಯ ಐದನೇ ಮೂಲದಿಂದ ಭಾಗಿಸಬೇಕು, ಅಷ್ಟೇ. ನಮ್ಮ ಚಿಲುಮೆಗೆ ಮಾನಕ ವಿಚಲನೆ 1.14 ನಿಮಿಷ. 272ರ ಐದನೇ ಮೂಲ 3.07. ಭಾಗಿಸಿದರೆ 0.37 ನಿಮಿಷ, ಅಂದರೆ ಸುಮಾರು 22 ಸೆಕೆಂಡ್. ಒಂದೊಂದು ಚಿಟಿಕೆಯೂ 22 ಸೆಕೆಂಡಿನ ಗಂಟೆಯಾಕಾರದಲ್ಲಿ ಹರಡಿದೆ ಎಂದಾಯಿತು. ಐದನೇ ಮೂಲ ಎಂಬುದು ಬಹಳ ಜಿಪುಣ. ಈ 22 ಸೆಕೆಂಡನ್ನು ಅರ್ಧಕ್ಕೆ ಇಳಿಸಬೇಕೆಂದರೆ 32 ಪಟ್ಟು ಅಂಕಿ ಬೇಕು. 272 ಸಾಲದು, 8,704 ಸಲ ಚಿಮ್ಮುವ ತನಕ ಯೆಲ್ಲೋಸ್ಟೋನಿನಲ್ಲೇ ಗುಡಾರ ಹಾಕಿಕೊಂಡು ಕೂರಬೇಕು.

ಸ್ಕಾಟ್ ಸೂತ್ರದಲ್ಲಿ ಇನ್ನೊಂದು ಎಡವಟ್ಟಿದೆ, ಪಾಠ ಹೇಳುವವರು ಇದನ್ನು ಹಾರಿಸಿಬಿಡುತ್ತಾರೆ. ಅಂಕಿಗಳೆಲ್ಲ ಒಂದೇ ದಿಬ್ಬದವು ಎಂಬ ನಂಬಿಕೆಯ ಮೇಲೆ ಕಟ್ಟಿದ ಸೂತ್ರ ಅದು. ಇಲ್ಲಿರುವುದು ಎರಡು ದಿಬ್ಬ. ಒಂದೊಂದು ಗುಂಪಿನ ಒಳಗಿನ ಹರವು ಅರ್ಧ ನಿಮಿಷಕ್ಕೂ ಕಡಿಮೆ. 1.14 ಎಂಬ ಮಾನಕ ವಿಚಲನೆಯ ಬಹುಪಾಲು ಬಂದಿರುವುದು ಎರಡು ದಿಬ್ಬಗಳ ನಡುವಿನ ದೂರದಿಂದ. ಸೂತ್ರ ಅದನ್ನೇ ಹರವೆಂದು ತಿಳಿದು ಕೈಯನ್ನು ಬೇಕಾದ್ದಕ್ಕಿಂತ ಮೇಲೆತ್ತುತ್ತದೆ. ಹೀಗಾಗಿ ಎರಡು ಹೊಟ್ಟೆ ತೋರಿಸಬೇಕಾದ ಚಿತ್ರ ಅವನ್ನು ತೋರಿಸುವಾಗಲೇ ಕೊಂಚ ಮೆತ್ತಿ, ನಡುವಿನ ಕಣಿವೆಯನ್ನು ತುಂಬಿಸಿಬಿಡುತ್ತದೆ. ಪಿಟೀಲು ಯಾವ ಕೆಲಸಕ್ಕೆ ಬೇಕಿತ್ತೋ ಆ ಕೆಲಸದಲ್ಲೇ ಅದರ ಕೈ ನಡುಗುತ್ತದೆ.

ಈ ಎತ್ತರವನ್ನು ಏರಿಸಿ ಇಳಿಸುವ ತಿರುಪು ನಿಮ್ಮ ಕೈಯಲ್ಲೂ ಇದೆ. ಹೆಸರು ಬಿಡಬ್ಲ್ಯು ಅಂಡರ್‌ಸ್ಕೋರ್ ಅಡ್ಜಸ್ಟ್. ಸುಮ್ಮನಿದ್ದರೆ ಅದರ ಬೆಲೆ 1. ಅದನ್ನು 0.5 ಮಾಡಿದರೆ 22 ಸೆಕೆಂಡು 11 ಆಗುತ್ತದೆ. ನಡು ಚೆನ್ನಾಗಿ ಸಣ್ಣಗಾಗಿ, ಪಿಟೀಲಿಗೆ ನಿಜವಾದ ಸೊಂಟ ಬರುತ್ತದೆ. ಓಲ್ಡ್ ಫೇತ್‌ಫುಲ್‌ಗೆ ನನಗೆ ಒಪ್ಪಿಗೆಯಾಗುವುದು ಇದೇ. 3ಕ್ಕೆ ಏರಿಸಿದರೆ ಎರಡೂ ಹೊಟ್ಟೆ ಕರಗಿ ಒಂದೇ ದೊಡ್ಡ ಬೋಂಡ, ಸರಾಸರಿಯವರಿಗೆ ಸಂತೋಷ. 0.1ಕ್ಕೆ ಇಳಿಸಿದರೆ ಅಂಚೆಲ್ಲ ಬಾಚಣಿಗೆಯ ಹಲ್ಲು. ಆ ಹಲ್ಲಿನಲ್ಲೂ ಒಂದು ಕಥೆಯಿದೆ. ಪಟ್ಟಿಯಲ್ಲಿ ಐದರ ಮಗ್ಗಿಯ ಸೆಕೆಂಡುಗಳು ಇರಬೇಕಾದ್ದಕ್ಕಿಂತ ಹೆಚ್ಚಿವೆ. ಗಡಿಯಾರ ನೋಡಿದವರು 108 ಸೆಕೆಂಡನ್ನು 110 ಎಂದು ಬರೆದುಕೊಳ್ಳುವುದು ಸಹಜ. ಕೈ ತೀರಾ ಕೆಳಗಿಳಿಸಿದರೆ ಚಿತ್ರದಲ್ಲಿ ಕಾಣುವುದು ಚಿಲುಮೆಯ ಗುಣವಲ್ಲ, ಅದನ್ನು ಬರೆದುಕೊಂಡವರ ಅಭ್ಯಾಸ.

ಸೋಮವಾರ ಸಂಜೆ ಮತ್ತೆ ಫೋನು. 'ಮಾಮ, ಒಂದು ನಿಮಿಷಕ್ಕಿಂತ ಕಡಿಮೆ ಚಿಮ್ಮಿದ್ದು ಯಾವಾಗ? ಪಟ್ಟಿ ಪೂರ್ತಿ ನೋಡಿದೆ, ಇಲ್ವೇ ಇಲ್ಲ. ಪಿಟೀಲು ಮಾತ್ರ ಅಲ್ಲಿಗಂಟ ಇಳಿದಿದೆ.'

ಹುಡುಗಿ ಚುರುಕು. ನಾನು ಇದನ್ನು ಕಂಡುಕೊಂಡಿದ್ದು ಅವಳ ಎರಡರಷ್ಟು ವಯಸ್ಸಾದ ಮೇಲೆ, ಅದೂ ಮರ್ಯಾದೆ ಕಳೆದುಕೊಂಡು. ಹಿಂದೆ ನಾನಿದ್ದ ಕಚೇರಿಯಲ್ಲಿ ಗ್ರಾಹಕರು ಸಾಲಿನಲ್ಲಿ ಕಾಯುವ ಹೊತ್ತನ್ನು ಪಿಟೀಲಾಗಿಸಿ ಮೀಟಿಂಗಿನಲ್ಲಿ ತೋರಿಸಿದ್ದೆ. ಆಕಾರ ಸೊನ್ನೆಯ ಗೆರೆ ದಾಟಿ ಕೆಳಗೆ ಇಳಿದಿತ್ತು. ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, 'ಬರೋ ಮೊದಲೇ ಕೆಲಸ ಮುಗಿಸ್ಕೊಂಡು ಹೋದ ಗಿರಾಕಿಗಳು ಇವರೇನೋ?' ಎಂದರು. ಮೀಟಿಂಗು ಅಲ್ಲಿಗೆ ಮುಗಿಯಿತು.

ಕಾರಣ ಇಷ್ಟೇ. ಗೆರೆಯ ತುದಿಯಲ್ಲಿ ಬಿದ್ದ ಚಿಟಿಕೆಯೂ ಎರಡೂ ಕಡೆಗೆ ಹರಡಬೇಕಲ್ಲ? ಅದು ಅಂಕಿಗಳೇ ಇಲ್ಲದ ಕಡೆಗೂ ಚೆಲ್ಲುತ್ತದೆ. ಸೀಬಾರ್ನ್ ತನ್ನ ಪಾಡಿಗೆ ಬಿಟ್ಟರೆ ಕೊನೆಯ ಅಂಕಿಯಿಂದ ಎರಡು ಬ್ಯಾಂಡ್‌ವಿಡ್ತ್ ಆಚೆಗೂ ಗೆರೆ ಎಳೆಯುತ್ತದೆ. ನಮ್ಮ ಲೆಕ್ಕದಲ್ಲಿ ಎರಡು ಸಲ 22 ಸೆಕೆಂಡು, ಅಂದರೆ ಸುಮಾರು ಮುಕ್ಕಾಲು ನಿಮಿಷ. ಕನಿಷ್ಠ 1.6ರಿಂದ ಅದನ್ನು ಕಳೆದರೆ 0.86. ಅಕ್ಕನ ಮಗಳು ಹುಡುಕುತ್ತಿದ್ದ, ಯಾವತ್ತೂ ಚಿಮ್ಮದ ಚಿಮ್ಮು ಇದೇ. ಕಟ್ ಈಕ್ವಲ್ ಟು ಸೊನ್ನೆ ಎಂದು ಸೇರಿಸಿದರೆ ಬಾಲ ಕತ್ತರಿಸಿ ಅಂಕಿಗಳ ಗಡಿಯೊಳಗೇ ನಿಲ್ಲುತ್ತದೆ. ಹಾಗೆ ಕತ್ತರಿಸಿದಾಗ ತುದಿ ಕೊಡಲಿಯಲ್ಲಿ ಕಡಿದಂತೆ ಮೊಂಡಾಗುತ್ತದೆ, ನೋಡಲು ಚಂದವಿಲ್ಲ. ಇರಲಿ. ಹೊತ್ತು, ತೂಕ, ಸಂಬಳ, ಮಳೆಯಂಥ ಸೊನ್ನೆಗಿಂತ ಕೆಳಗಿಳಿಯದ ಅಂಕಿಗಳಿಗೆ ನಾನು ಚಂದ ಬಿಟ್ಟು ಮೊಂಡು ಆರಿಸಿಕೊಳ್ಳುತ್ತೇನೆ. ಮ್ಯಾಟ್‌ಪ್ಲಾಟ್‌ಲಿಬ್‌ಗೂ ತನ್ನದೇ ವಯೊಲಿನ್‌ಪ್ಲಾಟ್ ಇದೆ. ಅದು ಮೊದಲಿಂದಲೂ ಕನಿಷ್ಠ, ಗರಿಷ್ಠದ ನಡುವೆಯೇ ನಿಲ್ಲುತ್ತದೆ. ಆದರೆ ಮಧ್ಯಾಂಕ ತೋರಿಸು ಎಂದು ಬೇರೆಯಾಗಿ ಹೇಳಬೇಕು, ಪಟ್ಟಿಯಲ್ಲಿ ಒಂದು ಮನೆ ಖಾಲಿ ಬಿಟ್ಟಿದ್ದರೂ ಮುಗ್ಗರಿಸುತ್ತದೆ.

ಪಿಟೀಲಿನ ಬಲಭಾಗದ ಬಗ್ಗೆ ನನಗೆ ಹಳೆಯ ತಕರಾರಿದೆ. ಎಡಕ್ಕಿರುವುದೇ ಬಲಕ್ಕೂ ಇದೆ, ಕನ್ನಡಿಯೊಳಗಿನ ಗಂಟು. ಒಂದು ಹೊಸ ಅಂಕಿಯನ್ನೂ ಅದು ಹೇಳುವುದಿಲ್ಲ. ಶಾಯಿ ದಂಡ. ಆ ಜಾಗವನ್ನು ದುಡಿಸಿಕೊಳ್ಳಲು ಸ್ಪ್ಲಿಟ್ ಎಂಬ ಸೌಕರ್ಯವಿದೆ. ಎಡಕ್ಕೆ ಒಂದು ಗುಂಪು, ಬಲಕ್ಕೆ ಇನ್ನೊಂದು. ಗೀಸರ್ ಪಟ್ಟಿಯಲ್ಲಿ ಕೈಂಡ್ ಎಂಬ ಮೂರನೆಯ ಕಂಬವಿದ್ದು, ಪ್ರತಿ ಸಾಲಿನಲ್ಲೂ ಉದ್ದ ಅಥವಾ ಗಿಡ್ಡ ಎಂಬ ಹಣೆಪಟ್ಟಿಯಿದೆ. ವೈ ಜಾಗದಲ್ಲಿ ವೇಟಿಂಗ್, ಹ್ಯೂ ಜಾಗದಲ್ಲಿ ಕೈಂಡ್, ಸ್ಪ್ಲಿಟ್ ಈಕ್ವಲ್ ಟು ಟ್ರೂ. ಈಗ ಬಂದದ್ದು ಎರಡು ಬಣ್ಣದ, ಸೀಳಿದ ಪಿಟೀಲು. ಗಿಡ್ಡ ಚಿಮ್ಮಿನ ನಂತರದ ಕಾಯುವಿಕೆ 55 ನಿಮಿಷದ ಸುತ್ತ ಉಬ್ಬಿದೆ. ಉದ್ದ ಚಿಮ್ಮಿನ ನಂತರದ್ದು 80ರ ಸುತ್ತ. ಎರಡು ಅರ್ಧಗಳು ಒಂದಕ್ಕೊಂದು ಬೆನ್ನು ಹಚ್ಚಿ ನಿಂತಿದ್ದರೂ ಉಬ್ಬುಗಳು ಒಂದರ ಎದುರು ಒಂದು ಬರುವುದಿಲ್ಲ.

ಇದರ ಹಿಂದೆ ನೆಲದೊಳಗಿನ ಲೆಕ್ಕವಿದೆ. ಚಿಲುಮೆ ಸ್ವಲ್ಪವೇ ಚಿಮ್ಮಿ ನಿಂತರೆ ಒಳಗಿನ ಕೊಳವೆಗಳಲ್ಲಿ ಬಿಸಿನೀರು ಇನ್ನೂ ಉಳಿದಿರುತ್ತದೆ, ಮತ್ತೆ ತುಂಬಿ ಕುದಿಯಲು ಹೆಚ್ಚು ಹೊತ್ತು ಬೇಡ. ಪೂರ್ತಿ ಖಾಲಿಯಾದರೆ ಹೊತ್ತು ಬೇಕು. ಹಂಡೆಗೆ ನೀರು ತುಂಬಿ ಬೆಂಕಿ ಹಾಕಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಉದ್ಯಾನದ ರೇಂಜರುಗಳು ಇದನ್ನೇ ನೆಚ್ಚಿಕೊಂಡು, ಈಗ ಎಷ್ಟು ಹೊತ್ತು ಚಿಮ್ಮಿತು ಎಂದು ನೋಡಿ ಮುಂದಿನ ಹೊತ್ತನ್ನು ಅಂದಾಜಿಸಿ ಜನರಿಗೆ ತಿಳಿಸುತ್ತಾರೆ. ಪಟ್ಟಿಯ ಕಾಲಕ್ಕಿಂತ ಈಗಿನ ಕಾಯುವಿಕೆ ಹೆಚ್ಚಿದೆ. 1959ರ ಹೆಬ್ಗೆನ್ ಲೇಕ್ ಭೂಕಂಪದಿಂದೀಚೆಗೆ ಒಳಗಿನ ಕೊಳವೆಗಳು ಅಲುಗಾಡಿ ನಂಬಿಗಸ್ತನೂ ನಿಧಾನಿಸುತ್ತ ಬಂದಿದ್ದಾನೆ.

ಎರಡು ಹೊಟ್ಟೆ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ, ಇಲ್ಲಿ ಎರಡು ಜಾತಿ ಬೆರೆತಿವೆಯೇ ಎಂದು. ಸೀಬಾರ್ನ್‌ನಲ್ಲೇ ಪೆಂಗ್ವಿನ್‌ಗಳ ಇನ್ನೊಂದು ಪಟ್ಟಿಯಿದೆ. ಅಂಟಾರ್ಕ್ಟಿಕಾದ ಪಾಮರ್ ನಿಲ್ದಾಣದ ಬಳಿ 2007ರಿಂದ 2009ರವರೆಗೆ ಅಳೆದ 344 ಹಕ್ಕಿಗಳು, ಮೂರು ಪ್ರಭೇದ. ಜೆಂಟೂ ಎಂಬ ದೊಡ್ಡ ಪೆಂಗ್ವಿನ್‌ನ ತೂಕ ಹಾಕಿ ನೋಡಿದರೆ ಪಿಟೀಲಿಗೆ ಎರಡು ಭುಜ ಮೂಡುತ್ತವೆ. ಪ್ರಭೇದ ಒಂದೇ, ಆದರೂ ಎರಡು ಉಬ್ಬು. ಹ್ಯೂ ಜಾಗದಲ್ಲಿ ಲಿಂಗ ಎಂದು ಕೊಟ್ಟ ತಕ್ಷಣ ಗುಟ್ಟು ಹೊರಬೀಳುತ್ತದೆ. ಹೆಣ್ಣು ಸರಾಸರಿ 4.7 ಕಿಲೋ, ಗಂಡು 5.5 ಕಿಲೋ.

ಗುಂಪು ಬೇರೆಮಾಡುತ್ತ ಹೋದಂತೆ ಒಂದೊಂದರಲ್ಲಿ ಉಳಿಯುವ ಅಂಕಿ ಕಡಿಮೆಯಾಗುತ್ತದೆ. ಅಲ್ಲಿಯೇ ಪಿಟೀಲು ದೊಡ್ಡ ಮೋಸ ಮಾಡುವುದು. ಐದೇ ಅಂಕಿ ಕೊಡಿ, ಆಗಲೂ ಅದು ನುಣುಪಾದ, ತುಂಬಿದ ಆಕಾರವನ್ನೇ ಕೊಡುತ್ತದೆ. ಅದೂ ಐನೂರು ಅಂಕಿಯ ಪಿಟೀಲಿನ ಪಕ್ಕದಲ್ಲಿ, ಅಷ್ಟೇ ದಷ್ಟಪುಷ್ಟವಾಗಿ. ಎಲ್ಲ ಪಿಟೀಲುಗಳ ಕ್ಷೇತ್ರಫಲವೂ ಒಂದೇ ಇರಲಿ ಎಂಬುದು ಸೀಬಾರ್ನ್‌ನ ಪೂರ್ವನಿಯಮ. ಡೆನ್ಸಿಟಿ ಅಂಡರ್‌ಸ್ಕೋರ್ ನಾರ್ಮ್ ಎಂಬಲ್ಲಿ ಕೌಂಟ್ ಎಂದು ಬರೆದರೆ ಬಡ ಗುಂಪು ತೆಳ್ಳಗೆ ಕಾಣುತ್ತದೆ. ಅದಕ್ಕಿಂತ ಪ್ರಾಮಾಣಿಕ ಉಪಾಯ ಇನ್ನರ್ ಎಂಬಲ್ಲಿ ಸ್ಟಿಕ್ ಎನ್ನುವುದು. ಆಗ ಪ್ರತಿ ಅಂಕಿಯೂ ಒಂದೊಂದು ಕಡ್ಡಿಯಾಗಿ ಪಿಟೀಲಿನೊಳಗೆ ಕಾಣುತ್ತದೆ, ಎಷ್ಟು ಕಡ್ಡಿಯ ಮೇಲೆ ಎಷ್ಟು ಹೊಟ್ಟೆ ಕಟ್ಟಿದ್ದೀರಿ ಎಂದು ಯಾರು ಬೇಕಾದರೂ ಎಣಿಸಬಹುದು. ಮೂವತ್ತಕ್ಕಿಂತ ಕಡಿಮೆ ಅಂಕಿಯಿದ್ದರೆ ನಾನು ಪಿಟೀಲನ್ನೇ ಮುಟ್ಟುವುದಿಲ್ಲ, ಚುಕ್ಕೆಗಳನ್ನೇ ಇಟ್ಟುಬಿಡುತ್ತೇನೆ. ಮೂವತ್ತು ಎಂಬುದು ಶಾಸ್ತ್ರವಲ್ಲ, ನನ್ನ ಹಟ.

ಹಳೆಯ ಪಾಠಗಳನ್ನು ನೋಡಿ ಕಲಿಯುವವರಿಗೆ ಒಂದು ಸುಳಿವು. 2023ರಲ್ಲಿ ಬಂದ ಸೀಬಾರ್ನ್‌ನ 0.13 ಆವೃತ್ತಿಯಲ್ಲಿ ಬಿಡಬ್ಲ್ಯು ಅಡ್ಜಸ್ಟ್, ಡೆನ್ಸಿಟಿ ನಾರ್ಮ್ ತಿರುಪುಗಳಿಗೆ ಈ ಹೆಸರು ಬಂತು. ಮೊದಲು ಬರೀ ಬಿಡಬ್ಲ್ಯು, ಸ್ಕೇಲ್ ಎಂದಿದ್ದವು. ಹಳೇ ಹೆಸರು ಬರೆದು ಎಚ್ಚರಿಕೆ ಬಂದರೆ ಕಂಪ್ಯೂಟರನ್ನು ಬೈಯಬೇಡಿ.

ಬೈಯಲೇಬೇಕೆಂದರೆ ಬೇರೆ ವಿಷಯವಿದೆ. ಚಿತ್ರದ ಅಕ್ಷದ ಮೇಲೆ 'ಡ್ಯುರೇಶನ್' ಎಂದೇಕೆ ಇರಬೇಕು, ಕನ್ನಡದಲ್ಲೇ ಬರೆಯೋಣ ಎಂದು ಅಕ್ಕನ ಮಗಳು ಉತ್ಸಾಹದಿಂದ 'ಚಿಮ್ಮಿದ ಹೊತ್ತು' ಎಂದು ಟೈಪಿಸಿದಳು. ಬಂದದ್ದು ಖಾಲಿ ಚೌಕಗಳ ಸಾಲು. ಮ್ಯಾಟ್‌ಪ್ಲಾಟ್‌ಲಿಬ್ ತನ್ನೊಂದಿಗೆ ತರುವ ಡೇಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡವಿಲ್ಲ. ನೋಟೊ ಸ್ಯಾನ್ಸ್ ಕನ್ನಡ ಹಾಕಿಕೊಟ್ಟೆ. ಚೌಕ ಹೋಗಿ ಅಕ್ಷರ ಬಂತು, ಆದರೆ ಒತ್ತು ಕೆಳಗಿಳಿಯಲಿಲ್ಲ. ಮ-ಕಾರಕ್ಕೆ ಮ ಒತ್ತು ಕೂಡುವ ಬದಲು ಎರಡೂ ಪಕ್ಕಪಕ್ಕ, ಗುಣಿತದ ಕೊಂಬು ಇನ್ನೊಂದು ಕಡೆ. ಅಕ್ಷರಗಳನ್ನು ಒಂದಾದ ಮೇಲೊಂದು ಇಡುವುದಷ್ಟೇ ನಮ್ಮಿಬ್ಬರ ಲ್ಯಾಪ್‌ಟಾಪಿನ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಗೊತ್ತು. ಕೂಡಿಸಿ ಬರೆಯುವ ಲಿಪಿಗಳ ವ್ಯಾಕರಣ ಅದಕ್ಕಿಲ್ಲ. ಎಂಪಿಎಲ್‌ಕೈರೊ ಎಂಬ ಬೇರೆ ಎಂಜಿನ್ ಜೋಡಿಸಿದರೆ ಒತ್ತಕ್ಷರ ಸರಿಯಾಗುತ್ತದೆ, ಜೋಡಿಸುವುದೇ ಒಂದು ಸಾಹಸ. ಕೊನೆಗೆ ಅವಳು ಹೆಸರಿಲ್ಲದ ಪಿಟೀಲನ್ನು ಉಳಿಸಿಕೊಂಡು, ಅಕ್ಷರಗಳನ್ನು ಬೇರೆ ಸಾಫ್ಟ್‌ವೇರಿನಲ್ಲಿ ಅಂಟಿಸಿದಳು.

ಪ್ರಾಜೆಕ್ಟು ಗುರುವಾರ ಒಪ್ಪಿಸಿದ್ದಾಳೆ. ಬಿಡಬ್ಲ್ಯು ಅಡ್ಜಸ್ಟ್ 0.5, ಕಟ್ ಸೊನ್ನೆ, ಒಳಗೆ ಕಡ್ಡಿಗಳು. ಇದಿಷ್ಟನ್ನೂ ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಬರೆದಿದ್ದಾಳೆ, ನಾನು ಹೇಳದಿದ್ದರೂ. ಮೇಷ್ಟ್ರು ಏನಂದರು ಎಂದು ಕೇಳಿದೆ.

'ಸರಾಸರಿ ಎಲ್ಲಿ ಅಂತ ಕೇಳಿದ್ರು ಮಾಮ. ಕಣಿವೇಲಿದೆ ಸಾರ್ ಅಂದೆ. ಸುಮ್ಮನಾದ್ರು.' ಸ್ವಲ್ಪ ಹೊತ್ತು ಬಿಟ್ಟು ಮತ್ತೆ: 'ಆದ್ರೆ ಆ ಕಣಿವೇಲಿ ಬಿದ್ದ 12 ಇದಾವಲ್ಲ, ಅವು ಯಾಕೆ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ? ಅದರಲ್ಲಿ ಒಂದು ಪಟ್ಟಿಯ ಮೂರನೇ ಸಾಲಲ್ಲೇ ಇದೆ, 3.333. ಆಮೇಲೆ ಅದು ಕಾಯಿಸಿದ್ದು 74 ನಿಮಿಷ.'

ಅವಳೀಗ ಆ ಹನ್ನೆರಡನ್ನು ಬೇರೆ ತೆಗೆದಿಟ್ಟುಕೊಂಡು, ಒಂದೊಂದರ ಹಿಂದಿನ ಸಾಲು, ಮುಂದಿನ ಸಾಲು ನೋಡುತ್ತಿದ್ದಾಳೆ. ಪಿಟೀಲು ಬೇಕಾಗಿಲ್ಲವಂತೆ, ಪೆನ್ಸಿಲ್ ಸಾಕಂತೆ.